ದನಿಯಿಲ್ಲದೆ ಮಾತಾಡುವ ಊರು

ಇಳಕಲ್

ವಿಲಾಯತಿಗೆ ಹೋಗಿ ಬಂದವರು ಅಲ್ಲಿನ ಸೇತುವೆ, ಅರಮನೆ, ರಾಣಿಯ ಕಾವಲುಗಾರರ ಬಗ್ಗೆ ಬರೆಯುತ್ತಾರೆ. ನಾನು ಅವುಗಳಲ್ಲಿ ಒಂದನ್ನೂ ನೋಡಲಿಲ್ಲ. ನೋಡಿದ್ದು ನಿಂತುಹೋದ ಒಂದು ಬಟ್ಟೆ ಗಿರಣಿ, ಅದರ ಸುತ್ತಲಿನ ಊರು, ಮತ್ತೆ ಆ ಊರಿನ ಬಿಡದ ಮಳೆ. ಹೆದರಿಕೊಂಡೇ ಹೋದೆ, ಹೆದರಿಕೊಂಡೇ ತಿರುಗಾಡಿದೆ, ಹೋಗುವಾಗಿನದಕ್ಕಿಂತ ದೊಡ್ಡ ಹೆದರಿಕೆ ಕಟ್ಟಿಕೊಂಡು ವಾಪಸು ಬಂದೆ. ಧೈರ್ಯವಂತರ ಪ್ರವಾಸ ಓದಬೇಕೆನ್ನುವವರು ಈಗಲೇ ಪುಟ ತಿರುವಿಬಿಡಲಿ.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ಸೊಲ್ಲಾಪುರದ ಗಿರಣಿಯಲ್ಲಿ ಮಗ್ಗದ ಫಿಟ್ಟರ್ ಆಗಿದ್ದ ನಾನು ಊರಿಗೆ ಬಂದು ನಮ್ಮ ಸಾವುಕಾರರ ಹತ್ತಿರ ಕೆಲಸಕ್ಕೆ ಸೇರಿದ್ದೆ. ಮನೆ ಮನೆಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾವುಕಾರರು ಅವರು. ಒಂದು ದಿನ ಗಾದಿಯ ಮೇಲೆ ಕೂತವರು ನನ್ನನ್ನು ಕರೆಸಿದರು.

“ಈರಪ್ಪಾ, ಇಂಗ್ಲಂಡಿನ್ಯಾಗ ಒಂದು ಗಿರಣಿ ಮುಚ್ಚೇತಿ. ಮಗ್ಗ ಎಲ್ಲಾ ಗುಜರಿ ಲೆಕ್ಕದಾಗ ಕೊಡಾಕತ್ತಾರ. ನೀ ಹೋಗಿ ಬಿಚ್ಚಿಸಿ, ನಂಬರ್ ಹಾಕಿ, ಪೆಟ್ಟಿಗಿ ತುಂಬಿಸಿ ಕಳಸು. ಇಲ್ಲಿ ಜೋಡಸಾಂವನೂ ನೀನ.”

“ಯಾಕ್ ಮುಚ್ಚಿದ್ರಂತ್ರಿ?”

“ಅಲ್ಲಿ ಕೂಲಿ ತುಟ್ಟಿ. ಬಟ್ಟಿ ಈಗ ಈ ಕಡಿ ದೇಶದಿಂದನ ಅಲ್ಲಿಗೆ ಹೋಗತೈತಿ. ನಮಗ ಚಲೋನ ಆತಲ್ಲೋ, ಹುಚ್ಚಾ.”

“ಸೀರಿ ನೇಯಸ್ತೀರೇನ್ರಿ ಅದರಾಗ?”

“ಛೇ ಛೇ! ಅಂಗಿ ಅರಿವಿ ಅಷ್ಟ. ಸೀರಿ ಮನಿ ಮಗ್ಗದ್ದ.”

ಆ ಮಾತು ಕೇಳಿ ಸಮಾಧಾನವಾಯಿತು. ಯಾಕೆಂದರೆ ನಮ್ಮ ಮನೆಯ ಪಡಸಾಲೆಯಲ್ಲಿ ನೆಲ ತೋಡಿ ಮಾಡಿದ ಕುಣಿಯಲ್ಲಿ ಒಂದು ಮಗ್ಗವಿತ್ತು, ಆ ಮಗ್ಗದಲ್ಲಿ ನನ್ನ ಅಕ್ಕ ನೀಲವ್ವ ಕೂರುತ್ತಿದ್ದಳು. ಮದುವೆಯಾದ ಮೂರನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದವಳು ಅದೇ ಕುಣಿಯಲ್ಲಿ ಕಾಲಿಟ್ಟು ನನ್ನನ್ನು ಸಾಲೆ ಓದಿಸಿದಳು. ನಾನು ಉಂಡ ಅನ್ನವೆಲ್ಲ ಅದರದು.

ಹೊರಗಿನವರಿಗೆ ನಮ್ಮ ಸೀರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದೆಳೆ, ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಈ ಎರಡರ ಎಳೆಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಕೊಂಡಿ ಅನ್ನುತ್ತೇವೆ. ಪ್ರತಿ ಸೀರೆಗೂ ಹೊಸ ಹಾಸು, ಹೊಸ ಕೊಂಡಿ. ಅಕ್ಕ ಕೊಂಡಿ ಹಾಕಲು ಕೂತರೆ ಮೊದಲ ಎಳೆಗೆ ಬೆರಳ ತುದಿಯಿಂದ ಚೂರು ಅರಿಸಿನ ಮುಟ್ಟಿಸುತ್ತಾಳೆ. ಯಾವ ಹೆಣ್ಣುಮಗಳು ಉಡುತ್ತಾಳೋ ಅವಳ ಬದುಕು ಬಂಗಾರವಾಗಲಿ ಅಂತ. ತನ್ನ ಬದುಕಿನಲ್ಲಿ ಅರಿಸಿನ ಹಚ್ಚಿಕೊಳ್ಳುವುದು ನಿಂತ ಮೇಲೆ ಶುರುವಾದ ರೂಢಿ ಇದು. ನಾನು ಅದರ ಬಗ್ಗೆ ಯಾವತ್ತೂ ಕೇಳಿಲ್ಲ.

ಹೊರಡುವ ಮುಂಜಾನೆ ಹಲಗೆಯಂತೆ ಒಣಗಿಸಿದ ಖಟಕ ರೊಟ್ಟಿಯ ಗಂಟು ಕಟ್ಟುತ್ತ ಅವಳೇ ಕೇಳಿದಳು: “ಅಲ್ಲಿ ಮಗ್ಗ ಬಿಚ್ಚಿಕೊಂಡ ಬಂದ್ರ ಆ ಮಂದಿ ಮುಂದ ಏನ್ ಮಾಡ್ತಾರೋ ತಮ್ಮಾ?”

“ಅವರಿಗೇನ್ ಕಮ್ಮಿ ಅಕ್ಕಾ. ಕುಂತಲ್ಲೆ ಸರಕಾರ ರೊಕ್ಕಾ ಕೊಡತೈತಂತ.”

“ಕುಂದ್ರೂದು ಎಷ್ಟ್ ದಿನಾ ಕುಂದರತಾರೋ,” ಅಂದಳು. ಆಮೇಲೆ ಇನ್ನೆರಡು ರೊಟ್ಟಿ ಹೆಚ್ಚಿಗೆ ಇಟ್ಟಳು.

ಬಸ್ಸಿನ ತನಕ ಸಾವುಕಾರರ ಆಳು ಬಂದು ಬಿಳಿ ಬಟ್ಟೆಯಲ್ಲಿ ಹೊಲಿದ ಒಂದು ಕಟ್ಟು ಕೈಗಿಟ್ಟ. ಗಿರಣಿಯ ಡಿಸೈನ್ ಸಾಹೇಬರಿಗೆ ಕೊಡಬೇಕಂತೆ. ಬಿಚ್ಚಬಾರದಂತೆ.

ಬಾಗಲಕೋಟೆ

ಮುಂಬಯಿ ಕಡೆಯ ರೈಲನ್ನು ಬಾಗಲಕೋಟೆಯಲ್ಲಿ ಹತ್ತಬೇಕು. ರೈಲು ಯಾವತ್ತಿನಂತೆ ತಡ. ಪೇಟೆಯ ಒಂದು ಚಹಾದಂಗಡಿಯಲ್ಲಿ ಕೂತೆ. ಅಂಗಡಿಯ ಗೋಡೆ ಹೊಗೆ ಹಿಡಿದು ಕಪ್ಪಗಾಗಿತ್ತು. ಹೊರಗೆ ಬಂದರೆ ಅಕ್ಕಪಕ್ಕದ ಮನೆಗಳದ್ದೂ ಅದೇ ಪಾಡು. ಸುಣ್ಣ ಕಂಡು ಎಷ್ಟೋ ದೀಪಾವಳಿಗಳಾದಂತಿತ್ತು.

“ಬಣ್ಣಾ ಹಚ್ಚಸಬಾರದೇನ್ರಿ?” ಅಂದೆ. ಹೊತ್ತು ಕಳೆಯಲು ಆಡಿದ ಮಾತು.

ಅಂಗಡಿಯವ ಬಸಿಯಲ್ಲಿ ಚಹಾ ಸುರಿದು ನನ್ನ ಮುಂದಿಟ್ಟ. “ಆಲಮಟ್ಟಿ ಡ್ಯಾಮಿನ ನೀರು ಬಂದ್ರ ಈ ಗ್ವಾಡಿ ಮುಳಗತೈತಂತ ನೋಡ್ರಿ. ಬಣ್ಣಾ ಹಚ್ಚಿ ಏನ್ ಮಾಡ್ಲಿ, ಮೀನಕ್ಕ ತೋರಸ್ಲೇನು?”

“ಯಾವಾಗ ಬರತೈತಿ?”

“ಯಾರಿಗ್ ಗೊತ್ರಿ. ಬರತೈತಿ ಅನ್ನೋದು ಗೊತ್ತೈತಿ.”

ಸುತ್ತ ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ರೈಲು ಹತ್ತಿದ ಮೇಲೂ ಆ ಕಪ್ಪು ಗೋಡೆ ಮನಸ್ಸಿನಿಂದ ಹೋಗಲಿಲ್ಲ. ನೀರಿನ ಹನಿಯೂ ಕಾಣದ ಊರು ಆಗಲೇ ಅರ್ಧ ಮುಳುಗಿದವರಂತೆ ಬದುಕುವುದನ್ನು ನಾನು ನೋಡಿದ್ದು ಅದೇ ಮೊದಲು.

ವಿಮಾನ ಇಳಿದ ಮೇಲೆ

ವಿಮಾನದಲ್ಲಿ ನಾನು ಕೊರಳಿನ ಇಷ್ಟಲಿಂಗ ಹಿಡಿದುಕೊಂಡು ಕಣ್ಣು ಮುಚ್ಚಿದ್ದರಿಂದ ಮೋಡಗಳ ವರ್ಣನೆ ಕೇಳಬೇಡಿ. ಇಳಿಯುವಾಗ ಎರಡೂ ಕಿವಿಗಳು ಗಪ್ಪನೆ ಕಟ್ಟಿಕೊಂಡವು. ಜನ ನೀರಿನ ತಳದಿಂದ ಮಾತಾಡಿದಂತೆ ಕೇಳತೊಡಗಿತು.

ಕಸ್ಟಮ್ಸಿನ ಅಧಿಕಾರಿ ಬಿಳಿ ಕಟ್ಟಿನ ಮೇಲೆ ಬೆರಳಿಟ್ಟ. ಇದೇನು? ಗೊತ್ತಿಲ್ಲ ಅಂದೆ. ನಿಮ್ಮ ಚೀಲ, ನಿಮಗೇ ಗೊತ್ತಿಲ್ಲವೇ? ಬೆವರಿನಿಂದ ನನ್ನ ವಿಭೂತಿ ಕರಗಿತು. ಅವನು ಕತ್ತರಿಯಿಂದ ಹೊಲಿಗೆ ಬಿಚ್ಚಿದ. ಒಳಗಿನಿಂದ ಬಂದದ್ದು ಒಂದು ಸೀರೆ. ಹಸಿರು ಒಡಲು, ಅಂಚಿಗೆ ಗೋಮಿ ನಮೂನೆಯ ದಡಿ, ಕೆಂಪು ಸೆರಗು. ಅವನು ಅದನ್ನು ಮೇಜಿನುದ್ದಕ್ಕೂ ಹರಡಿ, ಒಡಲು ಮುಗಿದು ಸೆರಗು ಶುರುವಾಗುವ ಕಡೆ ಅಂಚಿನಲ್ಲಿದ್ದ ಒಂದು ಹಳದಿ ಚುಕ್ಕೆಯನ್ನು ಮೂಸಿ ನೋಡಿದ. ಅಫೀಮು ಎಂದುಕೊಂಡನೋ ಏನೋ.

ನನ್ನ ಅಕ್ಕನ ಸೀರೆ!

ಅಧಿಕಾರಿ ಮಡಚಿಕೊಳ್ಳಿ ಎಂದು ಸನ್ನೆ ಮಾಡಿದ. ಅಂಗಿ ಅರಿವಿ ನೇಯುವ ಮಗ್ಗಕ್ಕೆ ಸೀರೆಯ ಮಾದರಿ ಯಾಕೆ ಬೇಕು? ಇಷ್ಟು ಅರ್ಥವಾಗಲು ದೊಡ್ಡ ಬುದ್ಧಿ ಬೇಕಿಲ್ಲ. ಗಿರಣಿಯ ಊರಿಗೆ ಹೋಗುವ ರೈಲಿನಲ್ಲಿ ಆ ಕಟ್ಟನ್ನು ಸೀಟಿನ ಕೆಳಗೆ ಬಿಟ್ಟು ಇಳಿದುಬಿಡಬೇಕೆಂದು ಎರಡು ಸಲ ಮನಸ್ಸಾಯಿತು. ಅಕ್ಕನ ಕೈಯ ಬಟ್ಟೆಯನ್ನು ಪರದೇಶದ ರೈಲಿನಲ್ಲಿ ಒಗೆದು ಹೋಗುವುದು ಹೇಗೆ? ಎದೆಗೆ ಒತ್ತಿಕೊಂಡೇ ಇಳಿದೆ.

ಗಿರಣಿಯ ಊರು

ಉಳಿಯಲು ವ್ಯವಸ್ಥೆಯಾಗಿದ್ದುದು ಒಬ್ಬ ಮುದುಕಿಯ ಮನೆಯಲ್ಲಿ. ಒಳ್ಳೆಯವಳು. ನಾನು ಮೇಜಿನ ಮೇಲೆ ಖಟಕ ರೊಟ್ಟಿ ತೆಗೆದಿಟ್ಟು ಕೈ ತೊಳೆಯಲು ಹೋದೆ. ಬಂದು ನೋಡಿದರೆ ರೊಟ್ಟಿಯ ಮೇಲೆ ಬಿಸಿ ಚಹಾದ ಕಿಟ್ಲಿ ಕೂತಿದೆ. ಮೇಜು ಸುಡದಿರಲೆಂದು ನಾನು ತಂದ ಕಾಣಿಕೆ ಎಂದುಕೊಂಡು ಅವಳು ಎರಡೆರಡು ಸಲ ಧನ್ಯವಾದ ಹೇಳಿದಳು. ಬಿಡಿಸಿ ಹೇಳುವಷ್ಟು ಇಂಗ್ಲಿಷಾಗಲಿ ಧೈರ್ಯವಾಗಲಿ ನನಗಿರಲಿಲ್ಲ. ನಾನು ಅಲ್ಲಿ ಇರುವಷ್ಟು ದಿನವೂ ಅಕ್ಕನ ಒಂದು ರೊಟ್ಟಿ ಕಿಟ್ಲಿಯ ಕೆಳಗೇ ಕೂತಿತ್ತು.

ಮರುದಿನ ಗಿರಣಿಗೆ ನಡೆದು ಹೋದೆ. ಊರ ತುಂಬ ಎತ್ತರದ ಚಿಮಣಿಗಳು, ಒಂದರಲ್ಲೂ ಹೊಗೆಯಿಲ್ಲ. ಹಾದಿಯುದ್ದಕ್ಕೂ ಗಂಡಸರು ಜೇಬಿನಲ್ಲಿ ಕೈ ಇಟ್ಟುಕೊಂಡು ಮೂಲೆಮೂಲೆಗೆ ನಿಂತಿದ್ದರು. ಎಲ್ಲರೂ ಇಸ್ತ್ರಿ ಅಂಗಿ ತೊಟ್ಟು, ಗಡ್ಡ ಹೆರೆದುಕೊಂಡವರೇ. ನಮ್ಮ ಓಣಿಯಲ್ಲಿ ಹಾಡಹಗಲು ಗಂಡಸರು ಹೀಗೆ ನಿಂತರೆ ಅವತ್ತು ಅಮಾವಾಸ್ಯೆ ಎಂದು ಲೆಕ್ಕ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ನಾನು ಅಭ್ಯಾಸಬಲದಿಂದ ಬೆರಳು ಮಡಚಿ ತಿಥಿ ಎಣಿಸಿದೆ. ಅಷ್ಟಮಿಯೋ ನವಮಿಯೋ ಬಂತು. ಮರುದಿನವೂ ಅವರು ಅಲ್ಲೇ ನಿಂತಿದ್ದರು, ಅದರ ಮರುದಿನವೂ. ಆ ಊರಿಗೆ ಬಂದ ಅಮಾವಾಸ್ಯೆ ಹೋಗಿಯೇ ಇರಲಿಲ್ಲ.

ಗಿರಣಿಯೊಳಗೆ

ಊರ ಹಗಸಿ ಬಾಗಿಲಿನಷ್ಟು ದೊಡ್ಡ ಬಾಗಿಲು ತಳ್ಳಿ ಒಳಗೆ ಹೋದೆ. ಉದ್ದನೆಯ ಹಜಾರ. ಸಾಲಾಗಿ ಮಗ್ಗಗಳು, ಎಲ್ಲವೂ ಸ್ತಬ್ಧ. ಆ ತುದಿಯಲ್ಲಿ ಒಬ್ಬ ಹೆಂಗಸು ಕಪಾಟು ಖಾಲಿ ಮಾಡುತ್ತಿದ್ದಳು, ಈ ತುದಿಯಲ್ಲಿ ಇನ್ನೊಬ್ಬಳು ಕಸ ಗುಡಿಸುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದರು. ತುಟಿ ಅಗಲವಾಗಿ ತೆರೆಯುತ್ತಿತ್ತು, ಹಲ್ಲು ಕಾಣುತ್ತಿತ್ತು, ಒಬ್ಬಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಒಂದಕ್ಷರ ಕೇಳಿಸಲಿಲ್ಲ.

ವಿಮಾನದಲ್ಲಿ ಕಟ್ಟಿದ ಕಿವಿ ಪೂರಾ ಹೋಯಿತು ಅಂದುಕೊಂಡೆ. ಪರದೇಶದಲ್ಲಿ ಕಿವುಡನಾದವನ ಗತಿಯೇನು, ಊರಿಗೆ ಹೇಗೆ ಹೋಗಲಿ, ಫಿಟ್ಟರ್ ಕೆಲಸ ಯಾರು ಕೊಡುತ್ತಾರೆ? ಮಗ್ಗದ ರೋಗ ಕಣ್ಣಿನಿಂದಲ್ಲ, ಸದ್ದಿನಿಂದ ಹಿಡಿಯುವವ ನಾನು. ದಿಕ್ಕು ತೋಚದೆ “ಶರಣ್ರಿ!” ಎಂದು ಜೀವ ಹೋಗುವಂತೆ ಕಿರುಚಿದೆ.

ನನ್ನ ಕೂಗು ಆ ಹಜಾರದ ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಹೆಂಗಸರಿಬ್ಬರೂ ಬೆಚ್ಚಿಬಿದ್ದರು. ಒಬ್ಬಳ ಕೈಯ ಪೊರಕೆ ಕೆಳಗೆ ಬಿದ್ದ ಸದ್ದೂ ಸ್ಪಷ್ಟವಾಗಿ ಕೇಳಿಸಿತು.

ಕಿವಿ ಸರಿಯಿತ್ತು. ಸರಿಯಿಲ್ಲದ್ದು ಬೇರೆ. ಕಪಾಟಿನ ಹತ್ತಿರ ಇದ್ದವಳ ಹೆಸರು ಡೋರೀನ್. ಅವಳೇ ನಿಧಾನವಾಗಿ, ನನ್ನ ಇಂಗ್ಲಿಷಿಗೆ ತಕ್ಕಂತೆ ಬಿಡಿಸಿ ಹೇಳಿದಳು. ನೂರಾರು ಮಗ್ಗಗಳು ಒಟ್ಟಿಗೆ ಓಡುವಾಗ ಪಕ್ಕದವರ ಮಾತೂ ಕೇಳುವುದಿಲ್ಲ. ಅದಕ್ಕೆ ಇಲ್ಲಿಯವರು ತುಟಿಯಿಂದ ಮಾತಾಡುವುದನ್ನು ಕಲಿತರು. ಅವಳ ಅಮ್ಮ ಹಾಗೇ ಮಾತಾಡುತ್ತಿದ್ದಳು, ಅಜ್ಜಿಯೂ ಹಾಗೇ. ಮಗ್ಗ ನಿಂತವು, ಬಾಯಿ ಇನ್ನೂ ಕಲಿತದ್ದನ್ನು ಬಿಟ್ಟಿಲ್ಲ. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಸದ್ದಿಲ್ಲದ ಆ ಹಜಾರದಲ್ಲಿ, ಯಾವುದೋ ಸದ್ದಿಗೆ ಹೆದರಿದವರಂತೆ ದನಿ ತೆಗೆಯದೆ ಆಡುವ ಆ ಮಾತು ನೋಡಿ ನನ್ನ ಮೈಕೂದಲು ನಿಮಿರಿದವು.

ಡಿಸೈನ್ ಸಾಹೇಬರ ಕೋಣೆ

ಬಿಳಿ ಕೂದಲಿನ, ಮೆತ್ತಗೆ ಮಾತಾಡುವ ಮನುಷ್ಯ. ಅವರ ಕೆಲಸವೂ ಆ ತಿಂಗಳಿಗೇ ಮುಗಿಯುವುದಿತ್ತು. ಅಕ್ಕನ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಆಹಾ” ಎಂದರು. ದಡಿಯ ಗೋಮಿಯನ್ನು ಭೂತಗನ್ನಡಿಯಲ್ಲಿ ನೋಡಿ, ಇದೇನೂ ಕಷ್ಟವಲ್ಲ ಎಂದರು. ಮರದ ಪಟ್ಟಿಗಳಿಗೆ ಗೂಟ ಹೊಡೆದು ಸರಪಳಿ ಮಾಡಿ ಮಗ್ಗದ ತಲೆಗೆ ಹಾಕಿದರೆ ಅದೇ ದಡಿ ತಾನಾಗಿ ಬರುತ್ತದೆ.

ಆಮೇಲೆ ಕೊಂಡಿಯ ಮೇಲೆ ಬೆರಳಾಡಿಸಿ ನಿಂತರು. ಇದನ್ನು ಹೇಗೆ ಮಾಡಿದ್ದಾರೆ? ನಾನು ಹೇಳಿದೆ. ಪ್ರತಿ ಎಳೆಗೂ? ಪ್ರತಿ ಎಳೆಗೂ. ಪ್ರತಿ ಸೀರೆಗೂ? ಹೌದು.

ಇದು ಮಗ್ಗಕ್ಕೆ ಬರುವುದಿಲ್ಲ, ಮಗ್ಗಕ್ಕೆ ತಡೆಯಿಲ್ಲದ ಉದ್ದನೆಯ ಹಾಸು ಬೇಕು ಎಂದರು. ಒಳಗೊಳಗೇ ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಕ್ಕ ಗೆದ್ದಳು! ಇಷ್ಟು ದೊಡ್ಡ ಗಿರಣಿ ಅವಳ ಬೆರಳಿಗೆ ಸೋತಿತು.

ಸಾಹೇಬರು ಸೀರೆಯನ್ನು ಮಡಚಿ ಮೇಜಿನ ಮೇಲಿಟ್ಟರು. ಏನೂ ತೊಂದರೆಯಿಲ್ಲ ಎಂದರು. ಕೊಂಡಿ ಬಿಟ್ಟುಬಿಡೋಣ. ಅದೇ ಹಾಸಿನ ಮೇಲೆ ಹೊಕ್ಕಿಗೆ, ಅಂದರೆ ಅಡ್ಡೆಳೆಗೆ, ಕೆಂಪು ಕೊಟ್ಟರೆ ಸೆರಗು ಕೆಂಪಾಗುತ್ತದೆ. ಒಡಲಿನ ಹಸಿರು ಇಣುಕಿ ಕೊಂಚ ಮಂಕಾಗಬಹುದು, ಅಷ್ಟೆ.

ಯಂತ್ರ ಅಕ್ಕನ ಕೆಲಸ ಕದಿಯುತ್ತದೆ ಎಂದು ನಾನು ಹೆದರಿದ್ದೆ. ಅದು ಕದಿಯುವುದೂ ಇಲ್ಲ. ಅದು ಇಲ್ಲದೆಯೇ ನಡೆಯುತ್ತದೆ ಎಂದು ಬದಿಗೆ ಸರಿಸಿ ಮುಂದೆ ಹೋಗುತ್ತದೆ. ಇದಕ್ಕೆ ಹೆದರಬೇಕೆಂದು ನನಗೆ ಗೊತ್ತೇ ಇರಲಿಲ್ಲ.

“ನಿಮ್ಮ ಹೆಂಗಸರು ಇದನ್ನು ಗಮನಿಸುತ್ತಾರೆಯೇ?” ಎಂದು ಕೇಳಿದರು.

“ಗಮನಿಸುತ್ತಾರೆ,” ಎಂದೆ. “ಸೆರಗು ತಲೆಯ ಮೇಲೆ ಹೊದೆಯುವವರು ಅವರು. ಕೊಂಡಿ ಕೈಗೆ ತಾಗದಿದ್ದರೆ ಆ ಸೀರೆ ಯಾರೂ ಮುಟ್ಟುವುದಿಲ್ಲ.” ಇಡೀ ಪ್ರವಾಸದಲ್ಲಿ ನಾನು ಹೆದರದೆ ಆಡಿದ ಮಾತು ಅದೊಂದೇ.

ಬಳಿಕ ಅವರು ಅರಿಸಿನದ ಚುಕ್ಕೆ ತೋರಿಸಿ, ಈ ಕಲೆ ಹೇಗಾಯಿತು ಎಂದರು. ಕಲೆ ಅಲ್ಲ ಎಂದಷ್ಟೇ ಹೇಳಿದೆ.

ಹಿಂದೆ ಬಂದವನು

ಆ ದೇಶದಲ್ಲಿ ಚಳಿಗಾಲಕ್ಕೆ ನಾಲ್ಕು ಗಂಟೆಗೇ ಕತ್ತಲು. ಮಗ್ಗ ಬಿಚ್ಚುವ ಕೆಲಸ ಅರ್ಧ ಮುಗಿದಿದ್ದ ದಿನ, ಮನೆಗೆ ಹೋಗುವಾಗ ನನ್ನ ಹಿಂದೆ ಬೂಟಿನ ಸಪ್ಪಳ ಬಂತು. ನಾನು ನಿಂತರೆ ಅದೂ ನಿಂತಿತು. ಮೂಲೆಯಲ್ಲಿ ನಿಲ್ಲುವ ಗಂಡಸರೆಲ್ಲ ಕಣ್ಣ ಮುಂದೆ ಬಂದರು. ಅವರ ಹೊಟ್ಟೆಪಾಡಿನ ಮಗ್ಗಗಳನ್ನು ಪೆಟ್ಟಿಗೆಗೆ ತುಂಬುತ್ತಿರುವವ ನಾನು. ನನ್ನನ್ನು ಹೊಡೆಯದೆ ಬಿಟ್ಟದ್ದೇ ಆಶ್ಚರ್ಯ.

“ಭಾಯಿಸಾಬ್,” ಎಂದಿತು ಹಿಂದಿನ ದನಿ.

ಅವನು ಇಕ್ಬಾಲ್. ಪಾಕಿಸ್ತಾನದ ಕಡೆಯವನು, ಆ ಗಿರಣಿಯಲ್ಲಿ ರಾತ್ರಿ ಪಾಳಿಯಲ್ಲಿ ಮಗ್ಗ ಓಡಿಸುತ್ತಿದ್ದವನು, ಈಗ ನನ್ನ ಕೈಕೆಳಗೆ ನಟ್ಟು ಬಿಚ್ಚುತ್ತಿದ್ದವನು. ಕೆಲಸದ ಹೊತ್ತಿನಲ್ಲಿ ತುಟಿ ಪಿಟ್ಟೆನ್ನದವನು ಹೀಗೆ ಒಬ್ಬನೇ ಸಿಕ್ಕಾಗ ಮಾತಾಡಬೇಕೆಂದು ಬಂದಿದ್ದ. ಅವನ ಹಿಂದೂಸ್ತಾನಿಗೂ ನಮ್ಮೂರ ಸಾಬರಿಂದ ನಾನು ಕಲಿತ ದಖನಿಗೂ ಹೇಗೋ ಹೊಂದಿಕೆಯಾಯಿತು.

ಈ ಮಗ್ಗಗಳು ಇಲ್ಲಿ ಇವೆ ಅಂತ ನಾನು ಊರು ಬಿಟ್ಟು ಬಂದೆ ಎಂದ. ಈಗ ಮಗ್ಗಗಳೇ ನಮ್ಮ ಕಡೆ ಹೊರಟಿವೆ. ನಿಮ್ಮ ಸಾವುಕಾರರಿಗೆ ಅವುಗಳನ್ನು ಬಲ್ಲ ಒಬ್ಬ ಆಳು ಬೇಕಾಗಬಹುದಲ್ಲ, ಹೇಳಿ ನೋಡುತ್ತೀರಾ?

ಅವನು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಎರಡು ದೇಶದ ನಡುವಿನ ಗಡಿ ಇಬ್ಬರಿಗೂ ಗೊತ್ತಿತ್ತು. ಅವನೇ ಮಾತು ತಿರುಗಿಸಿ ಹೆಂಡತಿಯ ವಿಷಯ ಎತ್ತಿದ. ತನಗೂ ತುಟಿಯ ಮಾತು ಅಂಟಿದೆಯಂತೆ. ಮನೆಯಲ್ಲಿ ಎದುರಿಗೆ ನಿಂತು ಬಾಯಿ ಆಡಿಸುತ್ತಾನಂತೆ, ಅವಳು ದನಿ ತೆಗೆದು ಹೇಳು ಎಂದು ಬಯ್ಯುತ್ತಾಳಂತೆ. “ಕೆಲಸ ಹೋಯಿತು, ಇದು ಹೋಗಲಿಲ್ಲ,” ಎಂದ.

ಕೊನೆಯ ಪೆಟ್ಟಿಗೆ ಲಾರಿಗೆ ಏರಿದ ದಿನ ಡೋರೀನ್ ಮತ್ತು ಅವಳ ಗೆಳತಿ ರಸ್ತೆಯ ಆಚೆ ನಿಂತು ನೋಡಿದರು. ಇಬ್ಬರ ತುಟಿಗಳೂ ಆಡಿದವು. ನನ್ನ ಮನೆತನಕ್ಕೇ ಶಾಪ ಹಾಕುತ್ತಿದ್ದಾರೆ ಎಂದು ಹೆದರಿ, ಏನೆಂದರು ಎಂದು ಇಕ್ಬಾಲನನ್ನು ಕೇಳಿದೆ.

“ಆಲೂಗಡ್ಡೆ ತುಟ್ಟಿಯಾಗಿದೆ ಅಂದರು,” ಎಂದ ಅವನು.

ಹುನಗುಂದ

ಮಗ್ಗಗಳು ಬಂದವು. ಇಳಕಲ್ಲಿನಿಂದ ಹುನಗುಂದದ ಹಾದಿಯಲ್ಲಿ ತಗಡಿನ ಶೆಡ್ಡು ಎದ್ದಿತು. ನಾನೇ ಜೋಡಿಸಿದೆ, ನಾನೇ ಓಡಿಸಿದೆ. ಮೊದಲ ವರ್ಷ ಅಂಗಿ ಅರಿವಿ, ಎರಡನೆಯ ವರ್ಷಕ್ಕೆ ಸೀರೆ. ಸಾವುಕಾರರನ್ನು ಕೇಳಿದ್ದಕ್ಕೆ, “ಮಂದಿ ಬೇಡ್ತಾರೋ ಈರಪ್ಪಾ, ನಾ ಏನ್ ಮಾಡ್ಲಿ?” ಎಂದರು. ಮಂದಿ ಮುಟ್ಟುವುದಿಲ್ಲ ಎಂದು ನಾನು ಇಂಗ್ಲಂಡಿನಲ್ಲಿ ಆಡಿದ ಮಾತನ್ನು ಮನಸ್ಸಿನಲ್ಲೇ ಹಿಡಿದುಕೊಂಡು ಮಗ್ಗ ಓಡಿಸಿದೆ.

ಹುನಗುಂದದ ಬಸ್ ನಿಲ್ದಾಣದಲ್ಲಿ ಒಂದು ಸಲ ಕಮತಗಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಹಸಿರು ಸೀರೆ, ಗೋಮಿ ದಡಿ. ಸೆರಗಿನ ಕೆಂಪು ಮಂಕಾಗಿತ್ತು. ನನ್ನ ಶೆಡ್ಡಿನದು.

“ಸೀರಿ ಹೆಂಗೈತವ್ವಾ?” ಅಂದೆ.

“ಭಾಳ ಚಲೋ ಐತ್ರಿ ಅಣ್ಣಾ. ಹಗೂರ ಐತಿ. ಒಗದ್ರ ಲಗೂನ ಆರತೈತಿ.”

“ಕೊಂಡಿ ಇಲ್ಲಲ್ಲವಾ.”

ಅವಳು ಸೆರಗನ್ನು ಕೈಗೆ ತೆಗೆದುಕೊಂಡು, ಒಡಲು ಕೂಡುವ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. “ಹೌದ ನೋಡ್ರಿ,” ಎಂದಳು, “ನೀವು ಹೇಳೂತನಾ ಗೊತ್ತ ಆಗಿದ್ದಿಲ್ಲ.” ಮತ್ತೆ ತಲೆಯ ಮೇಲೆ ಎಳೆದುಕೊಂಡು ಬಸ್ಸು ಬರುವ ಕಡೆ ಮುಖ ಮಾಡಿದಳು.

ಮತ್ತೆ ಇಳಕಲ್

ಮನೆ ಮಗ್ಗಗಳಿಗೆ ನೂಲು ಬರುವುದು ಮೊದಲು ಕಡಿಮೆಯಾಯಿತು, ಆಮೇಲೆ ನಿಂತಿತು. ನಾನು ಅಂಗಲಾಚಿ ಅಕ್ಕನಿಗೆ ಇನ್ನೊಂದಿಷ್ಟು ದಿನ ಕೊಡಿಸಿದೆ. ಕೊನೆಗೆ ಅವಳೇ ಬೇಡವೆಂದಳು. “ಮಗ್ಗಾ ಇಟಗೊಂಡು ಏನ್ ಮಾಡ್ಲೋ? ಶೆಡ್ಡಿನ್ಯಾಗ ನೂಲ ಸುತ್ತಾಕ ಹೆಣ್ಮಕ್ಕಳ ಬೇಕಂತಲ್ಲ, ನಾನೂ ಬರ್ತೇನಿ.” ಪಡಸಾಲೆಯ ಕುಣಿಯ ಮೇಲೆ ಹಲಗೆ ಬಿತ್ತು, ಹಲಗೆಯ ಮೇಲೆ ಜೋಳದ ಚೀಲಗಳು ಬಂದು ಕೂತವು. ಮೊದಲ ದಿನ ಶೆಡ್ಡಿಗೆ ಬಂದವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಅರಿಸಿನವನ್ನು ಯಾವ ನೂಲಿಗೆ ಮುಟ್ಟಿಸಬೇಕೆಂದು ತಿಳಿಯದೆ, ಯಂತ್ರದ ಕಬ್ಬಿಣಕ್ಕೇ ಹಚ್ಚಿ ಕೈ ಮುಗಿದಳು.

ಹೀಗೇ ಮೂರ್ನಾಲ್ಕು ವರ್ಷ ನಡೆದಿದೆ. ಶೆಡ್ಡಿನಲ್ಲಿ ಕಿವಿಗೆ ಸೀಸ ಹೊಯ್ದಂಥ ಗದ್ದಲ. ನಾನು ಮಗ್ಗದಿಂದ ಮಗ್ಗಕ್ಕೆ ಓಡಾಡುವವ, ಹೆಂಗಸರ ಕಡೆ ಕಣ್ಣೆತ್ತಿ ನೋಡುವುದೂ ಅಪರೂಪ.

ಮೊನ್ನೆ ಅಮಾವಾಸ್ಯೆ. ಶೆಡ್ಡಿಗೆ ರಜೆ. ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಅಮಾವಾಸ್ಯೆ ಇಲ್ಲದ ದಿನವೂ ಈಗ ಹೆಚ್ಚು ಸದ್ದು ಇರುವುದಿಲ್ಲ. ನಾನು ಪಡಸಾಲೆಯಲ್ಲಿ ಕೂತಿದ್ದೆ. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ರೊಟ್ಟಿಯ ತಾಟು ಹಿಡಿದು ನಿಂತು ನನ್ನ ಕಡೆ ನೋಡಿದಳು. ಅವಳ ತುಟಿಗಳು ಅಗಲವಾಗಿ ತೆರೆದವು, ಮುಚ್ಚಿದವು, ಮತ್ತೆ ತೆರೆದವು. ಹಲ್ಲು ಕಂಡವು. ನನಗೆ ಏನೂ ಕೇಳಿಸಲಿಲ್ಲ.

ಕಿವಿಯ ಹತ್ತಿರ ಚಪ್ಪಾಳೆ ತಟ್ಟಿ ನೋಡಿದೆ. ಕೇಳಿಸಿತು. ಆ ಉದ್ದನೆಯ ಹಜಾರ, ಬಿದ್ದ ಪೊರಕೆ, ಮೂಲೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತ ಗಂಡಸರು, ಲಾರಿ ನೋಡುತ್ತ ನಿಂತ ಡೋರೀನ್ ಎಲ್ಲರೂ ನಮ್ಮ ಪಡಸಾಲೆಗೆ ಬಂದು ನಿಂತಂತಾಯಿತು. ಈ ತುಟಿಯ ಮಾತನ್ನು ಕಲಿತ ಊರಿಗೆ ಮುಂದೆ ಏನಾಗುತ್ತದೆ ಎಂದು ಇಡೀ ಇಳಕಲ್ಲಿನಲ್ಲಿ ನೋಡಿ ಬಂದವನು ನಾನೊಬ್ಬನೇ. ನಟ್ಟು ಬಿಚ್ಚಲು ಈ ಸಲ ಯಾವ ದೇಶದಿಂದ ಯಾರು ಬರುತ್ತಾರೋ.

“ಯಾಕೋ ತಮ್ಮಾ, ದೆವ್ವಾ ನೋಡಿದಾಂವನಂಗ ನೋಡ್ತಿ?” ಈಗ ದನಿ ಬಂತು. “ರೊಟ್ಟಿ ಆರತಾವ, ಉಣ್ಣ ಬಾ ಅಂದ್ನಿ.”

“ದನಿ ತಗದ ಹೇಳ ಅಕ್ಕಾ,” ಅಂದೆ.

ಅವಳು ತಾಟು ಹಿಡಿದುಕೊಂಡೇ ನನ್ನ ಮುಖವನ್ನು ನೋಡಿದಳು. ನನಗೇ ಏನೋ ಆಗಿದೆ ಎನ್ನುವ ಗಾಬರಿ ಅವಳ ಕಣ್ಣಲ್ಲಿತ್ತು.

“ದನಿ ತಗದನ ಹೇಳಿದ್ನಲ್ಲೋ,” ಅಂದಳು.